ಹೊಡೆದುಹಾಕಿದ ವಾಕ್ಯ

ಫೆಬ್ರವರಿ ೪

ಅಪ್ಪನಿಗೆ ಮಗಳ ನಮಸ್ಕಾರಗಳು.

ಫೋನಿನಲ್ಲಿ ನಾನು ಕೂಗುವುದು, ನೀವು ‘ಹ್ಞಾಂ?’ ಎನ್ನುವುದು, ಪಕ್ಕದ ಮೇಜಿನ ಗುಮಾಸ್ತೆ ಬಾಯಿಗೆ ಸೆರಗು ಒತ್ತಿ ನಗುವುದು ಸಾಕಾಗಿದೆ. ಅದಕ್ಕೇ ಈ ಕಾಗದ. ಕಿವಿಯ ಯಂತ್ರವನ್ನು ಪೆಟ್ಟಿಗೆಯಲ್ಲಿಡದೆ ಕಿವಿಯಲ್ಲಿಟ್ಟುಕೊಂಡರೆ ಅದೂ ಕೆಲಸ ಮಾಡೀತು.

ನಮ್ಮ ವಕೀಲರ ಮಾಸಪತ್ರಿಕೆಯವರು ವಲಸೆ ಕಾಯಿದೆಯ ಮೇಲೆ ವಿಮರ್ಶಾತ್ಮಕ ವ್ಯಾಖ್ಯಾನವೊಂದನ್ನು ಬರೆದುಕೊಡಲು ಕೇಳಿದ್ದಾರೆ. ಕಲಂ ಕಲಮಾಗಿ ಬರೆಯುತ್ತ ಬಂದು ಹತ್ತೊಂಬತ್ತರ ಮುಂದೆ ನಿಂತಿದ್ದೇನೆ. ನಿಮಗೆ ಕಂಠಪಾಠವಿರಬಹುದು: ‘ಗಡಿಯನ್ನು ಪ್ರವೇಶಿಸಿದ ಪ್ರತಿಯೊಬ್ಬನೂ ಮೂವತ್ತು ದಿನಗಳೊಳಗೆ ವಲಸೆ ಅಧಿಕಾರಿಯ ಮುಂದೆ ಖುದ್ದಾಗಿ ಹಾಜರಾಗತಕ್ಕದ್ದು. ಹಾಗೆ ಹಾಜರಾಗದವನ ತದನಂತರದ ವಾಸವು ವಾಸವೆಂದು ಪರಿಗಣಿತವಾಗತಕ್ಕದ್ದಲ್ಲ.’ ಅಷ್ಟೇ. ಹೊರಹೋಗಲು ಬಾಗಿಲಿಲ್ಲದ ಕೋಣೆ.

ಈ ಕೋಣೆಯೊಳಗೆ ಈಗ ನನ್ನ ಕಕ್ಷಿದಾರಳೊಬ್ಬಳಿದ್ದಾಳೆ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದವಳು. ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಾರೆ. ಅವಳೂ ಅವಳ ಗಂಡನೂ ಒಟ್ಟಿಗೇ ಗಡಿ ದಾಟಿ ಬಂದವರು. ಮೂವತ್ತನೆಯ ದಿನ ಇಬ್ಬರೂ ವಲಸೆ ಕಚೇರಿಯ ಸಾಲಿನಲ್ಲಿ ನಿಂತಿದ್ದಾರೆ. ಗಂಡನ ಹೆಸರು ಮೊದಲು ಕೂಗಿದರು, ಅವನ ಕಾಗದಕ್ಕೆ ಮುದ್ರೆ ಬಿತ್ತು. ಮುದ್ರೆ ಬಿದ್ದ ಮೇಲೆ ಮನುಷ್ಯನೂ ಬಿದ್ದ. ಅಲ್ಲೇ, ಕಿಟಕಿಯ ಕೆಳಗೆ. ಇವಳು ತನ್ನ ಸರದಿ ಬಿಟ್ಟು ಅವನನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದಳು. ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತರೆ ಗುಮಾಸ್ತನೆಂದನಂತೆ: “ನಿನ್ನೆ ಬರಬೇಕಿತ್ತಮ್ಮಾ.” “ನಿನ್ನೆ ಬಂದಿದ್ದೆ ಸ್ವಾಮಿ.” “ಬಂದ್ರೆ ಸಾಲದು, ಹಾಜರಾಗಬೇಕು.”

ಕಳೆದ ತಿಂಗಳು ಅವಳನ್ನು ಹಿಡಿದು ಬಂಧನ ಕೇಂದ್ರದಲ್ಲಿಟ್ಟಿದ್ದಾರೆ. ಗಡೀಪಾರಾದರೆ ಹತ್ತು ವರ್ಷ ಮರಳಿ ಬರುವಂತಿಲ್ಲ. ಗಂಡ ಜೊತೆಗೆ ಹೋಗಲಾರ. ಅವನಿಗೆ ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್, ಅವರ ಊರಿನಲ್ಲಿ ಆ ಯಂತ್ರವಿಲ್ಲ.

ಈ ಕಾಯಿದೆ ಆದ ಕಾಲದಲ್ಲಿ ನೀವು ಸರ್ಕಾರದ ಕಾಯಿದೆ ಕರಡು ವಿಭಾಗದಲ್ಲಿದ್ದಿರಿ. ಈ ಕಲಂ ಬರೆದವರು ಯಾರು ಅಪ್ಪಾ? ಬದುಕಿದ್ದಾರೆಯೇ?

ನಿಮ್ಮ ಮಗಳು

*

ಫೆಬ್ರವರಿ ೧೬

ಚಿರಂಜೀವಿಯಾದ ಮಗಳಿಗೆ ತಂದೆಯ ಹರಕೆ.

ಭಗವಂತನ ಅನುಗ್ರಹದಿಂದ ದೇಹವು ತನ್ನ ವಯಸ್ಸಿಗೆ ತಕ್ಕಂತೆ ನಡೆದುಕೊಳ್ಳುತ್ತಿದೆ. ಪ್ರಾತಃಕಾಲದ ಪ್ರಾರ್ಥನೆಯನ್ನು ನಿಂತು ಮಾಡುತ್ತಿದ್ದವನು ಈಗ ಕುಳಿತು ಮಾಡುತ್ತೇನೆ. ದೇವರು ಇದುವರೆಗೆ ಆಕ್ಷೇಪಿಸಿಲ್ಲ.

ನಿನ್ನ ಪತ್ರವನ್ನು ಎರಡಾವೃತ್ತಿ ಓದಿದೆನು. ಆ ಹೆಣ್ಣುಮಗಳ ಸ್ಥಿತಿ ಮರುಕ ಹುಟ್ಟಿಸುವಂಥದ್ದು. ಆದರೆ ‘ಬಾಗಿಲಿಲ್ಲದ ಕೋಣೆ’ ಎಂಬ ನಿನ್ನ ಮಾತು ವ್ಯಾಖ್ಯಾನಕಾರಳಿಗೆ ತಕ್ಕುದಲ್ಲ. ಶಾಸನವನ್ನು ನಿಂದಿಸುವವರು ಮೊದಲು ಅದರ ಕಟ್ಟಡವನ್ನು ತಿಳಿಯಬೇಕು. ಖುದ್ದು ಹಾಜರಿಯ ನಿಯಮವು ಹುಟ್ಟಿದ್ದು ಕ್ರೌರ್ಯದಿಂದಲ್ಲ. ಅಂದು ದಲ್ಲಾಳಿಗಳು ವಲಸಿಗರ ಕಾಗದಗಳನ್ನು ಕಂತೆಗಟ್ಟಲೆ ತಂದು ತಾವೇ ಮುದ್ರೆ ಹಾಕಿಸಿ, ಆ ಬಡಪಾಯಿಗಳನ್ನು ಜೀತಕ್ಕೆ ಹಿಡಿದಿಟ್ಟುಕೊಳ್ಳುತ್ತಿದ್ದರು. ಅಧಿಕಾರಿಯು ಒಮ್ಮೆಯಾದರೂ ಮನುಷ್ಯನ ಮುಖವನ್ನು ನೋಡಲಿ ಎಂಬುದೇ ಅದರ ಉದ್ದೇಶ. ಎರಡೇ ವಾಕ್ಯಗಳಲ್ಲಿ ಅಷ್ಟನ್ನು ಹಿಡಿದಿಟ್ಟಿರುವುದನ್ನು ನೀನು ಗಮನಿಸಬೇಕಿತ್ತು.

ಬರೆದವರು ಯಾರೆಂದು ಕೇಳಿರುವೆ. ಋಷಿಮೂಲ, ನದಿಮೂಲ ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಶಾಸನಮೂಲಕ್ಕೂ ಅದು ಸಲ್ಲುತ್ತದೆ. ಅನೇಕ ಕೈಗಳು, ಅನೇಕ ಕಡತಗಳು. ಇಷ್ಟಕ್ಕೂ ಕಚೇರಿಯ ಗುಟ್ಟನ್ನು ಹೊರಗೆಡಹೆವೆಂದು ನಾವೆಲ್ಲ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದವರು.

ಊಟವನ್ನು ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ತಂದೆ

*

ಮಾರ್ಚ್ ೧

ಅಪ್ಪನಿಗೆ,

ನನಗೆ ಒಂಬತ್ತು ವರ್ಷವಿದ್ದಾಗ ಅತ್ತೆಯ ಊರಿನಿಂದ ನಿಮಗೊಂದು ಕಾಗದ ಬರೆದಿದ್ದೆ, ‘ನನಗೆ ಇಲ್ಲಿ ಬೇಸರ, ಬಂದು ಕರೆದುಕೊಂಡು ಹೋಗಿ’ ಎಂದು. ನೀವು ಅದನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಿ ಹಿಂದಕ್ಕೆ ಕಳಿಸಿದಿರಿ. ನಿಮ್ಮ ಕಳೆದ ಪತ್ರ ಓದುವಾಗ ಅದು ನೆನಪಾಯಿತು.

ನದಿಮೂಲ ಬೇಡ, ಮುಳುಗುತ್ತಿರುವವಳ ವಿಷಯ ಹೇಳುತ್ತೇನೆ. ಮೊನ್ನೆ ಬಂಧನ ಕೇಂದ್ರಕ್ಕೆ ಹೋಗಿದ್ದೆ. ನಡುವೆ ಗಾಜು, ಎರಡು ಕಡೆಯೂ ಸರಪಳಿ ಕಟ್ಟಿದ ಫೋನು. ಹನ್ನೊಂದು ವರ್ಷದ ವಾಸ ವಾಸವೇ ಅಲ್ಲವೆಂಬ ಕಲಮನ್ನು ಅವಳಿಗೆ ಸರಳವಾಗಿ ವಿವರಿಸಿದೆ. ಅವಳು ಹೇಳಿದಳು:

“ವಕೀಲಮ್ಮಾ, ಈ ಊರಿನ ಅರ್ಧ ಜನ ನಾನು ಇಸ್ತ್ರಿ ಮಾಡಿದ ದುಪ್ಪಟಿ ಮೇಲೇ ಹುಟ್ಟಿದ್ದು. ಇನ್ನರ್ಧ ಜನ ಅದರ ಮೇಲೇ ಸತ್ತದ್ದು. ನಾನು ಇಲ್ಲಿ ಇರಲೇ ಇಲ್ಲ ಅಂದ್ರೆ ಅವರೆಲ್ಲ ಯಾತರ ಮೇಲೆ ಮಲಗಿದ್ರಂತೆ?”

ನನ್ನ ವ್ಯಾಖ್ಯಾನದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯ ಇನ್ನೂ ಹುಟ್ಟಿಲ್ಲ.

ಅಲ್ಲಿಂದ ಅವಳ ಗಂಡನ ಬಳಿ ಹೋದೆ. ಗಾರೆ ಕೆಲಸ ಮಾಡಿಕೊಂಡಿದ್ದವನು, ಈಗಲೂ ವಾರ್ಡಿನಲ್ಲಿ ಎಲ್ಲರಿಗೂ ಮೇಸ್ತ್ರಿಯೇ. ಯಂತ್ರಕ್ಕೆ ಕೈ ಒಪ್ಪಿಸಿ ಮಲಗಿದ್ದ. ಅವನ ಡಯಾಲಿಸಿಸ್ ಇದ್ದ ದಿನವೆಲ್ಲ ತನ್ನ ಪಾಳಿ ಮುಗಿಸಿ ಕೆಳಗಿನ ನೆಲಮಾಳಿಗೆಯಿಂದ ಅವಳು ಹತ್ತಿ ಬರುತ್ತಿದ್ದಳಂತೆ, ಬಿಸಿ ಹಬೆಯ ವಾಸನೆ ಮೊದಲು ಬರುತ್ತಿತ್ತಂತೆ. ಹೊರಡುವಾಗ ಕರೆದ. “ಅಮ್ಮಾ, ನಾನು ಉಪ್ಪು ತಿಂತಿಲ್ಲ ಅಂತ ಅವಳಿಗೆ ಹೇಳಿ. ಸುಳ್ಳೇ. ಆದ್ರೂ ಹೇಳಿ.”

ಏಪ್ರಿಲ್ ೯ಕ್ಕೆ ತಡೆಯಾಜ್ಞೆಯ ವಿಚಾರಣೆ. ಅದು ಸಿಗದಿದ್ದರೆ ಎರಡು ದಿನದಲ್ಲಿ ಅವಳನ್ನು ಗಡಿಗೆ ಒಯ್ಯುತ್ತಾರೆ. ಆ ಕಲಮಿಗೆ ಎಲ್ಲಾದರೂ ಒಂದು ವಿನಾಯಿತಿ ಇತ್ತೇ, ಇದ್ದರೆ ಏಕೆ ಹೋಯಿತು ಎಂಬುದು ನನಗೆ ಬೇಕು. ಗ್ರಂಥಾಲಯದಲ್ಲಿ ಸಿಗುವುದಿಲ್ಲ. ನಿಮ್ಮ ತಲೆಯಲ್ಲಿದೆ.

ಮಗಳು

*

ಮಾರ್ಚ್ ೧೫

ಅಪ್ಪಾ, ಉತ್ತರವಿಲ್ಲ. ಪಕ್ಕದ ಮನೆಯವರಿಗೆ ಫೋನು ಮಾಡಿ ಕೇಳಿದೆ. “ಬೆಳಗ್ಗೆ ಸಂಜೆ ವಾಕಿಂಗ್ ಹೋಗ್ತಾರಲ್ಲ, ಗಟ್ಟಿಮುಟ್ಟಾಗಿದಾರೆ” ಎಂದರು. ಸಂತೋಷ. ಇನ್ನು ಇಪ್ಪತ್ತೈದು ದಿನಗಳಿವೆ.

ಮಗಳು

*

ಮಾರ್ಚ್ ೨೨

ಮಗಳೇ,

ಈ ಪತ್ರವನ್ನು ನಾಲ್ಕು ಸಲ ಆರಂಭಿಸಿ ನಾಲ್ಕು ಸಲವೂ ಹರಿದಿದ್ದೇನೆ. ಐದನೆಯದನ್ನು ಹರಿಯುವುದಿಲ್ಲವೆಂದು ಇಂದು ಪ್ರಾರ್ಥನೆಯ ಹೊತ್ತಿನಲ್ಲಿ ನಿಶ್ಚಯಿಸಿಕೊಂಡೆನು.

ಹತ್ತೊಂಬತ್ತನೆಯ ಕಲಮನ್ನು ಬರೆದವನು ನಾನು.

ಅದರಲ್ಲಿ ಮೂರನೆಯ ವಾಕ್ಯವೊಂದಿತ್ತು. ಅದನ್ನು ಬರೆದವನೂ ನಾನೇ, ಹೊಡೆದುಹಾಕಿದವನೂ ನಾನೇ. ಸ್ಮೃತಿಯನ್ನು ನಂಬಲಾರದೆ, ನಮ್ಮ ಕಚೇರಿಯಲ್ಲಿ ಬೆರಳಚ್ಚುಗಾರನಾಗಿದ್ದವನ ಮನೆಯನ್ನು ಹುಡುಕಿಕೊಂಡು ಹೋದೆ. ನಾವೆಲ್ಲ ಅವನನ್ನು ಟಕಟಕ ಎಂದು ಕರೆಯುತ್ತಿದ್ದೆವು. ಬಾಗಿಲಲ್ಲಿ ನನ್ನನ್ನು ನೋಡಿ ಅವನೆಂದನು:

“ಏನ್ ಸಾರ್, ದೇವರು ನೆನಪಾದ ಹಾಗೆ ನಾನು ನೆನಪಾದೆನಾ? ಹಾಗಾದ್ರೆ ಏನೋ ಕಷ್ಟ ಬಂದಿರಬೇಕು.”

ಹಳೆಯ ಕರಡುಗಳ ಪ್ರತಿ ಏನಾದರೂ ಉಳಿದಿದೆಯೇ ಎಂದು ಕೇಳಿದೆ.

“ಉಳೀದೆ ಏನು? ಒಂದೇ ಪುಟ ಏಳು ಸಲ ಹೊಡೆಸಿದ್ರಿ ಅಂದ್ರೆ ನನ್ನ ಹೆಂಡತೀನೇ ನಂಬ್ತಿರಲಿಲ್ಲ. ಸಾಕ್ಷಿಗೆ ಇರಲಿ ಅಂತ ಕಾರ್ಬನ್ ಪ್ರತಿ ಮನೆಗೆ ತಂದಿಟ್ಟಿದ್ದೆ. ಈಗ ನಂಬೋಕೆ ಅವಳಿಲ್ಲ, ಕಾಗದ ಇದೆ.”

ಟ್ರಂಕಿನೊಳಗಿಂದ ತೆಗೆದುಕೊಟ್ಟನು. ನಾಲ್ಕನೆಯ ಕರಡಿನಲ್ಲಿ ಆ ವಾಕ್ಯವಿದೆ: ‘ರೋಗದಿಂದಾಗಲಿ, ಮರಣದಿಂದಾಗಲಿ, ಮನುಷ್ಯಮಾತ್ರರಿಗೆ ಮೀರಿದ ಬೇರೆ ಕಾರಣದಿಂದಾಗಲಿ ತಡವಾದಲ್ಲಿ ಅಧಿಕಾರಿಯು ಆ ತಡವನ್ನು ಮನ್ನಿಸತಕ್ಕದ್ದು.’ ಐದನೆಯದರಲ್ಲಿ ಅದರ ಮೇಲೆ ನನ್ನ ಕೆಂಪು ಗೀಟು.

ಏಕೆ ಹೊಡೆದೆನೆಂಬುದನ್ನು ಕೇಳು. ಇಂತಹ ವಾಕ್ಯಗಳು ಕಾಯಿದೆಯ ಉದ್ದಕ್ಕೂ ಹದಿನಾಲ್ಕು ಕಡೆ ಬಂದಿದ್ದವು. ಹೇಳಿದ್ದನ್ನೇ ಹೇಳುವುದು ನನ್ನ ದೃಷ್ಟಿಗೆ ಬರಹದ ದಾರಿದ್ರ್ಯವಾಗಿ ಕಂಡಿತು. ಹದಿನಾಲ್ಕನ್ನೂ ತೆಗೆದು, ಆರಂಭದಲ್ಲಿ ಮೂರನೆಯ ಕಲಮಾಗಿ ಒಂದೇ ಮಾತನ್ನಿಟ್ಟೆ: ‘ಈ ಕಾಯಿದೆಯ ಮೇರೆಗೆ ನಡೆಯುವ ಪ್ರತಿಯೊಬ್ಬ ಅಧಿಕಾರಿಯೂ ದಯೆಯನ್ನು ಮರೆಯದೆ ನಡೆಯತಕ್ಕದ್ದು.’ ಮನೆಗೆಲ್ಲ ಒಂದೇ ದೀಪ ಸಾಕೆಂದುಕೊಂಡೆ. ಅಂದಿನ ಮಂತ್ರಿಗಳು ಓದಿ, “ಒಂದು ಮಾತು ಹೆಚ್ಚಿಲ್ಲ ಕಣ್ರೀ” ಎಂದರು. ಆ ಹೊಗಳಿಕೆಯನ್ನು ನಿನ್ನ ತಾಯಿಗೆ ಎಷ್ಟು ಸಲ ಹೇಳಿದೆನೋ.

ಹನ್ನೆರಡು ವರ್ಷಗಳ ತರುವಾಯ, ಆ ಹೆಣ್ಣುಮಗಳು ಗಡಿ ದಾಟಿ ಬರುವುದಕ್ಕೂ ಮೊದಲೇ, ಬೇರೊಂದು ಸರ್ಕಾರ ಬಂದು ತಿದ್ದುಪಡಿ ತಂದಿತು. ಮೂರನೆಯ ಕಲಮನ್ನು ತೆಗೆದುಹಾಕಿತು. ದಯೆಯು ಹದಿನಾಲ್ಕು ಕಡೆ ಚದುರಿ ಬಿದ್ದಿದ್ದರೆ ಹದಿನಾಲ್ಕು ಸಲ ಸದನದಲ್ಲಿ ಎದ್ದುನಿಂತು ತೆಗೆಯಬೇಕಿತ್ತು, ಯಾರಾದರೂ ನಾಚುತ್ತಿದ್ದರು. ನಾನು ಅದನ್ನು ಗುಡಿಸಿ ಒಂದೆಡೆ ರಾಶಿ ಹಾಕಿಕೊಟ್ಟಿದ್ದೆ. ಒಂದೇ ಗೀಟು ಸಾಕಾಯಿತು. ಆಗ ನಾನು ನಿವೃತ್ತನಾಗಿ ಮೂರು ವರ್ಷ. ಪತ್ರಿಕೆಯಲ್ಲಿ ಓದಿದೆ, ಮಡಿಸಿಟ್ಟೆ.

ಟಕಟಕ ಮತ್ತೊಂದು ಮಾತು ಹೇಳಿದನು. ಬರೆಯದಿರಲು ಮನಸ್ಸಾಗುತ್ತದೆ, ಆದ್ದರಿಂದಲೇ ಬರೆಯುತ್ತೇನೆ. “ಆವತ್ತೇ ಕೇಳಿದ್ದೆ ಸಾರ್, ಈ ಸಾಲು ಯಾಕೆ ತೆಗೀತೀರಿ, ಪಾಪ, ಅದರಷ್ಟಕ್ಕೆ ಇರಲಿ ಅಂತ. ನೀವೇನಂದ್ರಿ ಗೊತ್ತಾ? ನೀನು ಹೊಡಿ, ಯೋಚನೆ ಮಾಡೋದು ನನಗೆ ಬಿಡು ಅಂದ್ರಿ.”

ನನಗೆ ಆ ಮಾತು ನೆನಪಿಲ್ಲ. ಅವನಿಗಿದೆ.

ತಂದೆ

*

ಮಾರ್ಚ್ ೨೮

ಅಪ್ಪಾ,

ಓದಿದೆ. ನಿಮ್ಮ ಮೇಲೆ ಸಿಟ್ಟಾಗಲು ನನಗೆ ಈಗ ಪುರುಸೊತ್ತಿಲ್ಲ. ಅದನ್ನು ಮುಂದೆ ನೋಡೋಣ.

ಆ ವಾಕ್ಯವನ್ನು ತೆಗೆದದ್ದು ದಯೆಯನ್ನು ನಿರಾಕರಿಸಲಿಕ್ಕಲ್ಲ, ಅದು ಮೂರನೆಯ ಕಲಮಿನಲ್ಲಿ ಇದ್ದೇ ಇದೆಯೆಂದು ತಿಳಿದು. ಹೀಗೆಂದು ನೀವು ಪ್ರಮಾಣಪತ್ರ ಬರೆದುಕೊಡಬೇಕು. ಕಾರ್ಬನ್ ಪ್ರತಿ ಜೊತೆಗಿರಲಿ. ಇಷ್ಟು ಸಿಕ್ಕರೆ ಹತ್ತೊಂಬತ್ತನ್ನು ಬೇರೆ ರೀತಿ ಓದಬಹುದೆಂದು ನ್ಯಾಯಾಲಯದ ಮುಂದೆ ವಾದಿಸಬಲ್ಲೆ. ಬೇರೆ ಆಸರೆ ನನ್ನ ಬಳಿ ಇಲ್ಲ.

ನಿಮ್ಮ ಪ್ರಮಾಣದ ವಿಷಯ ನನಗೆ ಗೊತ್ತು. ದೇವರ ಹತ್ತಿರ ನಾನು ವಾದಿಸಲಾರೆ, ಅಲ್ಲಿ ನನಗೆ ಸನ್ನದಿಲ್ಲ. ನೀವೇ ಮಾತಾಡಿ.

ಮಗಳು

*

ಏಪ್ರಿಲ್ ೨

ಮಗಳೇ,

ಪ್ರಮಾಣಪತ್ರವನ್ನೂ ಕರಡಿನ ಎರಡು ಹಾಳೆಗಳನ್ನೂ ಇದರೊಡನೆ ಕಳುಹಿಸಿದ್ದೇನೆ. ಟಕಟಕನೇ ಬೆರಳಚ್ಚು ಮಾಡಿದನು. ಈ ಸಲ ಒಂದೇ ಪ್ರತಿಯಲ್ಲಿ ಮುಗಿಯಿತು. “ಇದೇನ್ ಸಾರ್, ತಿದ್ದಲ್ವಾ? ಮೈ ಹುಷಾರಿಲ್ವಾ?” ಎಂದು ಗಾಬರಿಯಾದನು.

ದೇವರೊಡನೆ ಮಾತಾಡೆಂದು ನೀನು ಬರೆದಿದ್ದೆ. ಮೂರು ದಿನ ಕುಳಿತೆ. ಅವನು ಉತ್ತರ ಕೊಡುವವನಲ್ಲ, ಕೇಳುವವನು. ನನ್ನ ನಾಲಗೆಯಿಂದ ಮಾಡಿದ ಪ್ರಮಾಣವನ್ನು ಮುರಿದ ಪಾಪ ನನಗಿರಲಿ. ಅದನ್ನು ಹೊರಬಲ್ಲೆ. ಮತ್ತೊಂದನ್ನು ಹೊರಲಾರೆನೆಂದು ತಿಳಿದದ್ದೇ ಉತ್ತರವೆಂದುಕೊಂಡೆ.

ವಿಚಾರಣೆಯ ಫಲವನ್ನು ತಡಮಾಡದೆ ತಿಳಿಸು.

ತಂದೆ

*

ಏಪ್ರಿಲ್ ೧೨

ಅಪ್ಪಾ,

ನಿನ್ನೆ ಮಧ್ಯಾಹ್ನ ಅವಳನ್ನು ಗಡಿ ದಾಟಿಸಿದರು.

ಆದದ್ದನ್ನು ಆದಂತೆ ಬರೆಯುತ್ತೇನೆ, ನೀವು ಕೇಳಿಯೇ ಕೇಳುತ್ತೀರಿ. ಒಂಬತ್ತನೆಯ ತಾರೀಕು ನಿಮ್ಮ ಪ್ರಮಾಣಪತ್ರವನ್ನು ಮುಂದಿಟ್ಟೆ. ನ್ಯಾಯಾಧೀಶರು ಗಮನವಿಟ್ಟು ಓದಿದರು. ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಕ್ಷಣ ನನಗೆ ಆಸೆ ಹುಟ್ಟಿತು.

ಆಗ ಸರ್ಕಾರಿ ವಕೀಲರು ಎದ್ದು, ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದರು. ನಿಮ್ಮದೇ. ಕರಡುಗಾರರ ತರಬೇತಿಗೆಂದು ನೀವು ಬರೆದ ಕೈಪಿಡಿ. ಇಂದಿಗೂ ಅದನ್ನೇ ಓದಿಸುತ್ತಾರಂತೆ. ಅವರು ಮರ್ಯಾದೆಯಿಂದಲೇ ಮಾತಾಡಿದರು: “ಪ್ರಮಾಣಪತ್ರ ಬರೆದ ಹಿರಿಯರ ಬಗ್ಗೆ ನಮಗೆಲ್ಲ ಗೌರವವಿದೆ ಸ್ವಾಮಿ. ನಾವೆಲ್ಲ ಅವರ ಶಿಷ್ಯರೇ. ಅವರೇ ಕಲಿಸಿದ ಪಾಠವನ್ನು ಓದುತ್ತೇನೆ.” ಓದಿದರು: ‘ಕರಡುಗಾರನ ಮನಸ್ಸನ್ನು ಅರಸಿಕೊಂಡು ಹೋಗುವುದು ನ್ಯಾಯಾಲಯದ ಕಾರ್ಯವಲ್ಲ. ಮನಸ್ಸಿನಲ್ಲಿದ್ದು ಹಾಳೆಗೆ ಬಾರದುದು ಶಾಸನವಲ್ಲ.’

ನ್ಯಾಯಾಧೀಶರು ನನ್ನನ್ನು ನೋಡಿದರು. “ಏನಮ್ಮಾ, ಇದಕ್ಕೇನು ಹೇಳ್ತೀರಿ?” ಏನೇನೋ ಹೇಳಿದೆ. ಅಪ್ಪಾ, ಅದು ಎಷ್ಟು ಚೆನ್ನಾಗಿ ಬರೆದ ವಾಕ್ಯವೆಂದರೆ ಅದರೊಳಗೆ ಬೆರಳು ತೂರಿಸಲು ನನಗೆ ಸಂದು ಸಿಗಲಿಲ್ಲ.

ಅರ್ಜಿ ವಜಾ ಆಯಿತು. ಗಂಡನನ್ನು ಒಮ್ಮೆ ನೋಡಲು ಬಿಡಿರೆಂದು ಕೇಳಿದೆ. ಹೊರಡುವ ದಿನ ಮಾತ್ರ ಎಂದರು. ಹನ್ನೊಂದನೆಯ ತಾರೀಕು ಅವನ ಡಯಾಲಿಸಿಸ್ ದಿನ, ಅವನು ಬರುವಂತಿರಲಿಲ್ಲ. ಬಂದಿಗಳನ್ನು ಆಸ್ಪತ್ರೆಗೆ ಒಯ್ಯಲು ಅವಕಾಶ ಕೊಡುವ ಕಲಂ ಇಲ್ಲ. ವ್ಯಾನಿನ ಜಾಲರಿಯೊಳಗಿಂದ ಅವಳೆಂದಳು: “ಬಿಡಿ ವಕೀಲಮ್ಮಾ, ನೀವೂ ಎಷ್ಟು ಅಂತ ಓಡಾಡ್ತೀರಿ. ಅವರಿಗೆ ಕಾಗದ ಬರೆಯೋಕೆ ಹೇಳಿ. ಅಯ್ಯೋ, ಅವರ ಕೈ ಪೂರ್ತಿ ಸೂಜಿ. ಯಾರ ಕೈಲಾದ್ರೂ ಬರೆಸಿ. ನಾನು ಅಲ್ಲಿ ಯಾರ ಹತ್ರಾನಾದ್ರೂ ಓದಿಸ್ಕೋತೀನಿ.”

ವ್ಯಾಖ್ಯಾನವನ್ನು ಪತ್ರಿಕೆಗೆ ಕೊಡಬೇಕು. ಹತ್ತೊಂಬತ್ತನೆಯ ಕಲಮಿನ ಕೆಳಗೆ ಏನು ಬರೆಯಲಿ?

ಮಗಳು

*

ಏಪ್ರಿಲ್ ೧೯

ಮಗಳೇ,

ನಿನಗೆ ಏನು ಬರೆಯಬೇಕೆಂದು ತೋರುವುದೋ ಅದನ್ನೇ ಬರೆ. ಕರಡುಗಾರನು ನಿನ್ನ ತಂದೆಯೆಂದು ಮೊದಲ ಸಾಲಿನಲ್ಲಿಯೇ ಹೇಳು, ಓದುವವರು ಆಮೇಲೆ ತಿಳಿದು ನಿನ್ನನ್ನು ಆಡಿಕೊಳ್ಳದಿರಲಿ. ನನ್ನ ವಿಷಯದಲ್ಲಿ ಮಾತನ್ನು ಮೆದುಗೊಳಿಸಬೇಡ. ಕೈಪಿಡಿಯ ಆ ವಾಕ್ಯವನ್ನು ಬರೆದ ದಿನವೂ ಚೆನ್ನಾಗಿದೆಯೆಂದೇ ನನಗೆ ಅನ್ನಿಸಿತ್ತು.

ಮೇಸ್ತ್ರಿಯ ಪತ್ರವನ್ನು ಬರೆದುಕೊಡಲು ಯಾರಾದರೂ ಸಿಕ್ಕಿದರೇ? ಸಿಕ್ಕಿರದಿದ್ದರೆ ನನ್ನ ಅಕ್ಷರ ಇನ್ನೂ ನಡುಗುತ್ತಿಲ್ಲ. ಸೋಮವಾರದ ಬಸ್ಸಿಗೆ ಹೊರಡುತ್ತೇನೆ. ನಿನ್ನ ಮನೆಯಲ್ಲಿ ಒಂದು ಚಾಪೆಯಷ್ಟು ಜಾಗ ಮಾಡು. ಕಿವಿಯ ಯಂತ್ರವನ್ನು ರಿಪೇರಿಗೆ ಕೊಟ್ಟಿದ್ದೆ, ಬಂದಿದೆ. ಹಾಕಿಕೊಂಡಿದ್ದೇನೆ.

ತಂದೆ

*

ಜೂನ್ ೧೭

ಅಮ್ಮಾ,

ಇದು ನಿಮ್ಮ ಯಜಮಾನರ ಪತ್ರ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ನಾನು ನಿಮ್ಮ ವಕೀಲರ ತಂದೆ. ನಿಮ್ಮನ್ನು ಕಳುಹಿಸಿದ ಕಲಮನ್ನು ಬರೆದವನೂ ನಾನೇ. ಇದನ್ನು ಮೊದಲ ದಿನವೇ ಮೇಸ್ತ್ರಿಯವರಿಗೆ ಹೇಳಿದೆ. ಅವರು, “ಅಕ್ಷರ ಚೆನ್ನಾಗಿದೆಯಾ ನಿಮ್ಮದು?” ಎಂದು ಕೇಳಿದರು. ಇನ್ನು ಮುಂದಿನದೆಲ್ಲ ಅವರ ಮಾತು.

ಏನೇ, ಹೇಗಿದೀಯ? ನಾನು ಚೆನ್ನಾಗಿದೀನಿ. ಚೆನ್ನಾಗೇನೂ ಇಲ್ಲ, ಆದ್ರೂ ಚೆನ್ನಾಗಿದೀನಿ ಅಂತ ಬರೀರಿ ಅಂದೆ. ಈ ಯಜಮಾನ್ರು ಎರಡನ್ನೂ ಬರೀತಿದಾರೆ ಕಣೇ. ಏನಂದ್ರೂ ಬರೀತಾರೆ, ಕೆಮ್ಮಿದ್ರೂ ಬರೀತಾರೋ ಏನೋ.

ನಿನ್ನ ಜಾಗಕ್ಕೆ ಹೊಸಬಳು ಬಂದಿದಾಳೆ. ದಿಂಬಿನ ಚೀಲದ ಮೂಲೆ ಸರಿಯಾಗಿ ಒತ್ತಲ್ಲ, ಕೆನ್ನೆಗೆ ಚುಚ್ಚುತ್ತೆ. ನಿನ್ನ ಜೊತೆಯೋರು ಗುರುವಾರ ಗುರುವಾರ ಮೇಲೆ ಬಂದು ನೋಡಿ ಹೋಗ್ತಾರೆ. ಹಬೆ ವಾಸನೆ ಬಂದ್ರೆ ಈಗಲೂ ಬಾಗಿಲ ಕಡೆ ತಿರುಗ್ತೀನಿ. ಉಪ್ಪು ಬಿಟ್ಟಿದೀನಿ. ಈ ಸಲ ನಿಜ, ಬೇಕಾದ್ರೆ ಇವರನ್ನ ಕೇಳು. ಇವರು ಸುಳ್ಳು ಹೇಳಲ್ಲ, ದೇವರಿಗೆ ಹೆದರೋ ಜನ.

ಒಂದು ಮಾತು ಹನ್ನೊಂದು ವರ್ಷದಿಂದ ಹೇಳಬೇಕು ಅಂತಿದ್ದೆ. ಆವತ್ತು ಸಾಲಿನಲ್ಲಿ ನನಗೆ ಬೆಳಗಿನಿಂದಲೇ ತಲೆ ತಿರುಗ್ತಿತ್ತು. ಹೇಳಿದ್ರೆ ನೀನು ವಾಪಸು ಕರಕೊಂಡು ಹೋಗ್ತೀಯ ಅಂತ ಹೇಳಲಿಲ್ಲ. ಹೇಳಿದ್ರೆ ನಿನ್ನನ್ನ ಮುಂದೆ ನಿಲ್ಲಿಸಬಹುದಿತ್ತು. ಮೊದಲು ನಿನ್ನ ಹೆಸರು ಕೂಗ್ತಿದ್ರು. ಹೋಗಲಿ ಬಿಡು. ಹೋಗಲಿ ಬಿಡು ಅಂತ ಎರಡು ಸಲ ಅಂದೆ, ಎರಡು ಸಲಾನೂ ಬರೆದ್ರು.

ಹತ್ತು ವರ್ಷ ಅಂತ ಹೇಳಿದಾರಲ್ಲ. ವಾರಕ್ಕೆ ಮೂರು ಸಲ ಅಂದ್ರೆ ಇನ್ನು ಎಷ್ಟು ಸಲ ಈ ಮಂಚ ಹತ್ತಬೇಕು, ನೀವು ಓದಿದೋರು, ಹೇಳಿ ಅಂತ ಇವರನ್ನ ಕೇಳಿದೆ. ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡ್ರು. ಲೆಕ್ಕ ಬರಲ್ವೇನೋ ಪಾಪ. ಬರೀರಿ ಸ್ವಾಮಿ ಅಂದೆ, ಮತ್ತೆ ಎತ್ತಿಕೊಂಡ್ರು.

ನೀನು ಊಟ ಮಾಡು. ಯಾರ ಮನೇಲಿದೀಯೋ ಅವರ ಹತ್ರ ಜಗಳ ಆಡಬೇಡ. ಇಷ್ಟೇ. ಅಲ್ಲ ಇರಿ, ಇನ್ನೊಂದಿತ್ತು. ನರ್ಸಮ್ಮ ಸೂಜಿ ತೆಗೆಯೋಕೆ ಬಂದ್ಲು, ಮರೆತೇ ಹೋಯ್ತು. ಏನೋ ಹೇಳೋದಿತ್ತು ಕಣೇ, ಮರೆತೆ. ಮರೆತೆ ಅನ್ನೋದನ್ನೂ ಬರೀರಿ ಅಂದೆ. ಬರೆದಿದಾರೆ.

ನಿನ್ನ
ಮೇಸ್ತ್ರಿ